ಮೂರೇ ಗಿಡ, ಮುನ್ನೂರು ಚಿಂತೆ

ಜರ್ಮನಿಯ ಎರ್ಲಾಂಗೆನ್‌ನಲ್ಲಿ ನಮ್ಮ ಹಿತ್ತಿಲಿಗೂ ಪಕ್ಕದ ಮನೆ ಯಜಮಾನರ ಹಿತ್ತಿಲಿಗೂ ನಡುವೆ ಇರೋದು ಸೊಂಟದೆತ್ತರದ ಬೇಲಿ. ಅಂಚೆ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಬಾಯಲ್ಲಿ ಇದ್ದದ್ದು ಎರಡೇ ವಿಷಯ, ಮಂಡಿನೋವು ಮತ್ತು ಟೊಮೆಟೊ. 2024ರ ಏಪ್ರಿಲ್ 1ಕ್ಕೆ ಹೊಸ ಕಾನೂನು ಬಂತು ನೋಡಿ, ಮೂರನೆಯದೂ ಸಿಕ್ಕಿತು: ಗಾಂಜಾ ಗಿಡ.

18 ತುಂಬಿದವರು ಸ್ವಂತ ಬಳಕೆಗೆ ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. ಮಕ್ಕಳ ಕೈಗೆ ಸಿಗಬಾರದು, ವಾಸನೆಯಿಂದ ನೆರೆಯವರಿಗೆ ಕಾಟವಾಗಬಾರದು. ಹಾಗಾಗಿ ಇವರ ಕೃಷಿಯೆಲ್ಲ ಅಟ್ಟದ ಮೇಲೆ. ಕಪ್ಪು ಬಟ್ಟೆಯ ಡೇರೆ, ಒಳಗೆ ಎಲ್‌ಇಡಿ ದೀಪ, ಫ್ಯಾನು, ವಾಸನೆ ಹೀರೋಕೆ ಇದ್ದಿಲಿನ ಫಿಲ್ಟರ್. ಹಿತ್ತಿಲಲ್ಲಿ ಬಿಟ್ಟಿ ಬೀಳೋ ಬಿಸಿಲನ್ನು ಅಟ್ಟದ ಮೇಲೆ ಕರೆಂಟ್ ಬಿಲ್ಲು ಕಟ್ಟಿ ತರಿಸಿಕೊಳ್ಳೋದು ಅಂದರೆ ಇದೇ.

ಇಂಡಿಯಾದವನು ಅಂದಮೇಲೆ ಯೋಗ, ಮಸಾಲೆ, ಗಾಂಜಾ ಮೂರರಲ್ಲೂ ನಾನು ಪಂಡಿತ ಅಂತ ಅವರ ನಂಬಿಕೆ. ನನಗೆ ಸೊಪ್ಪು ಹೊಡೆಯೋದು ಗೊತ್ತಿಲ್ಲ, ಗೊಬ್ಬರ ಹೊಡೆಯೋದು ಗೊತ್ತು. ನಮ್ಮೂರಲ್ಲಿ ಮೆಣಸಿನ ಸಾಲಿನ ನಡುವೆ ಈ ಗಿಡ ಹಾಕಿ ಸಿಕ್ಕಿಬಿದ್ದವರ ಸುದ್ದಿ ಪೇಪರಲ್ಲಿ ಓದಿ ಬೆಳೆದವನು ನಾನು. 1985ರ ಎನ್‌ಡಿಪಿಎಸ್ ಮಾದಕವಸ್ತು ಕಾಯ್ದೆಯಲ್ಲಿ ಈ ಗಿಡ ಬೆಳೆಸಿದವನಿಗೆ 10 ವರ್ಷದವರೆಗೂ ಜೈಲು ಅಂದೆ. ಅವರು ಕಣ್ಣರಳಿಸಿ, "ಶಿವನ ದೇಶದಲ್ಲೇ?" ಅಂದರು.

ರಾಸಾಯನಿಕದ ಹನಿಯೂ ತಾಗಕೂಡದು ಅಂತ ಅವರ ಶಪಥ. ಮಣ್ಣಿಗೆ ಕಾಂಪೋಸ್ಟು, ಎರೆಹುಳು ಗೊಬ್ಬರ, ಬೇರಿಗೆ ಗಾಳಿಯಾಡಲಿ ಅಂತ ಬಿಳಿ ಪರ್ಲೈಟು ಕಲಸಿದರು. ಇಲ್ಲೇ ಎಡವಟ್ಟಾಗಿದ್ದು. ಗೊಬ್ಬರ ಜಾಸ್ತಿಯಾದಷ್ಟೂ ಒಳ್ಳೇದು ಅಂತ ಸುರಿದುಬಿಟ್ಟಿದ್ದರು. ಒಂದು ವಾರದ ಸಸಿಯ ಎಲೆತುದಿಯೆಲ್ಲ ಕಂದಿ ಸುಟ್ಟಂತಾಯಿತು. ಬೀಜದೊಳಗೇ ಮೊದಲ ದಿನಗಳ ಬುತ್ತಿ ಇರುತ್ತೆ ಸ್ವಾಮಿ, ಮೊಳಕೆಗೆ ಸಪ್ಪೆ ಮಣ್ಣೇ ಸಾಕು ಅಂದೆ. ಆಮೇಲೆ ಬಂತು ಕಪ್ಪು ನೊಣದ ಕಾಟ. ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕುತ್ತಿದ್ದರು. ಸದಾ ಒದ್ದೆ ಇರೋ ಕಾಂಪೋಸ್ಟಿನಲ್ಲಿ ಆ ಗುಂಗಾಡು ಮೊಟ್ಟೆಯಿಟ್ಟು, ಮರಿಹುಳು ಎಳೇ ಬೇರು ಮೇಯುತ್ತೆ. ಮೇಲ್ಮಣ್ಣು ಒಣಗಿಸಿ, ಬೇವಿನ ಹಿಂಡಿ ಉದುರಿಸಿ ಅಂದೆ. ಬೇವಿನ ಹಿಂಡಿ ಜರ್ಮನಿಯಲ್ಲೂ ಸಿಗುತ್ತೆ, ರೇಟು ಕೇಳಿದರೆ ನಮ್ಮಪ್ಪ ಎದೆ ಹಿಡಿದುಕೊಂಡಾರು.

ಬೆಳಕಿನ ವಿಷಯದಲ್ಲಿ ಮಾತ್ರ ನಾನು ನಿಜಕ್ಕೂ ಪಂಡಿತನಾದೆ. ಹಗಲು ಕಮ್ಮಿಯಾಗಿ ರಾತ್ರಿ ಉದ್ದವಾದರೇ ಈ ಗಿಡ ಹೂ ಬಿಡೋದು, ಅದಕ್ಕೇ ಡೇರೆಯೊಳಗೆ 12 ಗಂಟೆ ಗವ್ವೆನ್ನೋ ಕತ್ತಲೆ ಬೇಕು. ನಮ್ಮ ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆಯದೂ ಇದೇ ಜಾತಕ. ಮಾರ್ಕೆಟ್ಟಿಗೆ ಹೊಂದಿಸೋಕೆ ಹೂ ತಡವಾಗಲಿ ಅಂತ ರೈತರು ರಾತ್ರಿ ಹೊಲದ ತುಂಬ ಬಲ್ಬು ಉರಿಸಿ ಗಿಡವನ್ನು ಏಮಾರಿಸುತ್ತಾರೆ. ಫೋಟೋ ತೋರಿಸಿದೆ. ಅವರು ಸೀದಾ ಅಟ್ಟ ಹತ್ತಿ, ಡೇರೆಯೊಳಗೆ ಬೆಳಕು ನುಸುಳದಂತೆ ಜಿಪ್ಪಿನ ಸಂದಿಗೆಲ್ಲ ಟೇಪು ಅಂಟಿಸಿ ಬಂದರು.

ಒಂದು ಮಾತು ಒಪ್ಪಬೇಕು: ಕಾನೂನು ಒಪ್ಪಿದ ದಿನವೇ ಈ ಗಿಡದ ಗತ್ತು ಹೋಯಿತು. ಗುಟ್ಟಿಲ್ಲ, ಪಿಸುಮಾತಿಲ್ಲ, ಪಿಂಚಣಿದಾರರ ತರಕಾರಿ ಲೆಕ್ಕ. ನಮ್ಮ ಎರ್ಲಾಂಗೆನ್ ಇರೋ ಬವೇರಿಯಾ ರಾಜ್ಯದ ಸರ್ಕಾರಕ್ಕೆ ಮಾತ್ರ ಇನ್ನೂ ಮುನಿಸು. ಜಾತ್ರೆಯಲ್ಲಿ, ಬಿಯರ್ ಗಾರ್ಡನ್ನಿನಲ್ಲಿ ಸೇದುವಂತಿಲ್ಲ. ಲೀಟರುಗಟ್ಟಲೆ ಬಿಯರಿಗೆ ಅಡ್ಡಿಯಿಲ್ಲ, ಅದು ಸಂಸ್ಕೃತಿ!

ಈಗ ಅವರಿಗೆ ಹೊಸ ಚಿಂತೆ. ಒಣಗಿಸಿದ್ದು ಮನೆಯಲ್ಲಿ 50 ಗ್ರಾಂ ದಾಟಬಾರದು. ಚೆನ್ನಾಗಿ ಬಂದರೆ ಒಂದೇ ಗಿಡ ಅಷ್ಟು ಕೊಟ್ಟುಬಿಡುತ್ತೆ. ಜುಕಿನಿ ಹೆಚ್ಚಾದರೆ ಬೇಲಿ ಮೇಲಿಂದ ನಮಗೆ ದಾಟಿಸುತ್ತಾರೆ, ಇದನ್ನು ಪುಕ್ಕಟೆ ಕೊಟ್ಟರೂ ಅಪರಾಧ. ಫಸಲು ಕಮ್ಮಿ ಬರೋದಕ್ಕೆ ಏನು ಹಾಕಬೇಕು ಅಂತ ಕೇಳಿದರು. ಅಂಥ ಪ್ರಶ್ನೆ ನಮ್ಮ ವಂಶದಲ್ಲೇ ಯಾರೂ ಕೇಳಿದ್ದಿಲ್ಲ. ಮುಂದಿನ ಸಲ ಒಂದೇ ಗಿಡ ಹಾಕಿ ಅಂದೆ.

"ಅದು ಹೇಗೆ? ಮೂರಕ್ಕೆ ಹಕ್ಕಿದೆಯಲ್ಲ!" ಅಂದರು.