ಡಿ ಡ್ರೈವ್‌ನಲ್ಲೇ ಅದೆ ಬುಡಿ!

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಅಂದಮೇಲೆ ಚಾಮರಾಜನಗರ, ಗುಂಡ್ಲುಪೇಟೆಗಳ ಹಳೇ ಕಂಪ್ಯೂಟರುಗಳಿಗೂ ಹೊಸ ಓಎಸ್ ಹಾಕಿಸುವ ಯೋಗ. ರಿಪೇರಿಯವರು 'ಡೇಟಾ ಬೇಕಾ?' ಎಂದರೆ ಸಿದ್ಧ ಉತ್ತರ: 'ಎಲ್ಲಾ ಡಿ ಡ್ರೈವ್‌ನಲ್ಲೇ ಅದೆ ಬುಡಿ.' ಇರುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಸಾಮಾನ್ಯವಾಗಿ ಫಾರ್ಮ್ಯಾಟ್ ಆಗುವ ಸಿ ಡ್ರೈವ್‌ನವೇ. ಹೋಗಲಿ, ಡಿ ಸುರಕ್ಷಿತವೇ? ಬಹುಪಾಲು ಕಂಪ್ಯೂಟರುಗಳಲ್ಲಿ ಸಿ, ಡಿ ಎರಡೂ ಅಣ್ಣತಮ್ಮಂದಿರು ಗೋಡೆ ಎಬ್ಬಿಸಿಕೊಂಡ ಒಂದೇ ತೊಟ್ಟಿಮನೆ. ಸೂರು ಕುಸಿದರೆ ಇಬ್ಬರಿಗೂ ಬೀದಿಯೇ. ಗೂಗಲ್‌ನಲ್ಲಿದೆ ಎನ್ನುವವರೂ ಉಂಟು. ಅಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. ಅದರಲ್ಲೇ ಮೇಲ್, ಫೋಟೊ, ಫೈಲು ಎಲ್ಲವೂ. 'ಶುಭೋದಯ'ದ ಹೂಗಳೇ ಅಷ್ಟನ್ನು ನುಂಗಿರುತ್ತವೆ. ಇನ್ನು ಫೈಲು ಉಳಿದರೂ ಕನ್ನಡ ಉಳಿಯಬೇಕಲ್ಲ! 'ನುಡಿ' ತಂತ್ರಾಂಶದ ಹಳೇ ಫಾಂಟುಗಳಲ್ಲಿ ಟೈಪಿಸಿದ ಅರ್ಜಿಯನ್ನು ಆ ಫಾಂಟಿಲ್ಲದೆ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟನ್ನೂ ಕಟ್ಟಿಕೊಳ್ಳಬೇಕು, ಯಾರೂ ಕಟ್ಟಿಕೊಳ್ಳುವುದಿಲ್ಲ.

ಚಾಮರಾಜನಗರ ಜಿಲ್ಲೆಗೆ ಬ್ಯಾಕಪ್ ಹೊಸದೆಂದರೆ ನಂಬುವುದು ಕಷ್ಟ. ಮಲೆ ಮಹದೇಶ್ವರ ಕಾವ್ಯ ಬರಹಕ್ಕಿಳಿಯುವ ಮುಂಚೆ ತಲೆಮಾರುಗಟ್ಟಲೆ ಉಳಿದದ್ದು ಕಂಸಾಳೆ ಹಿಡಿದ ದೇವರ ಗುಡ್ಡರ ನಾಲಿಗೆಯಲ್ಲಿ. ಒಂದು ಊರಿನ ಗಾಯಕ ಮರೆತರೆ ಇನ್ನೊಂದು ಊರಿನವನಿದ್ದ. ಬೇರೆ ಬೇರೆ ಕಡೆ ಹಲವು ಪ್ರತಿ: ಇಂದಿನ ತಂತ್ರಜ್ಞರು ಹೇಳುವುದೂ ಇದನ್ನೇ. ಗಾಯಕರಿಂದ ಗಾಯಕರಿಗೆ ಪಾಠ ಬದಲಾಗುತ್ತಿತ್ತಲ್ಲ, ಅದೆಂಥ ಬ್ಯಾಕಪ್ ಎಂದು ಆಕ್ಷೇಪಿಸಬಹುದು. ಆಕ್ಷೇಪಿಸುವವರು ಮೊದಲು ತಮ್ಮ ಪೆನ್‌ಡ್ರೈವ್ ತೆರೆಯಲಿ. ಒಂದೇ ಅರ್ಜಿ ಅಲ್ಲಿ 'ಫೈನಲ್', 'ಫೈನಲ್ 2', 'ಹೊಸ ಫೈನಲ್', 'ಇದೇ ಫೈನಲ್' ಎಂದು ಮಲಗಿರುತ್ತದೆ.