ಮಲಗಿದವರಿಗೆ ಮಾತ್ರ ಕ್ಲೇಮು

ನಮ್ಮ ಓಣಿಯಲ್ಲಿ ಮನೆಗೂ ಮನೆಗೂ ನಡುವೆ ಇರುವುದು ಗೋಡೆಯಲ್ಲ, ಸಾಲಾಗಿ ಹುಗಿದ ಶಹಾಬಾದ್ ಪರಸಿ. ಎದೆಮಟ್ಟದ ಕಲ್ಲು. ಆ ಕಡೆಯವರು ಹಿತ್ತಲಲ್ಲಿ ಏನು ಒಣಹಾಕಿದ್ದಾರೆ, ಯಾರ ಮೇಲೆ ಸಿಟ್ಟಾಗಿದ್ದಾರೆ ಎಲ್ಲ ಕಾಣುತ್ತದೆ. ಮೊಳಕೈ ಊರಿ ನಿಂತರೆ ತಾಸುಗಟ್ಟಲೆ ಮಾತಾಡಬಹುದು. ನಾನು ಶಹಾಪುರ, ಸುರಪುರ, ಯಾದಗಿರಿ ಸುತ್ತುವ ವಿಮಾ ಏಜೆಂಟ. ಆ ಕಡೆಯವರು ರಿಟೈರ್ಡ್ ಹೆಡ್‌ಮಾಸ್ತರು. ಏಜೆಂಟನನ್ನು ಕಂಡರೆ ಜನ ಹಾದಿ ಬದಲಿಸುವುದು ಲೋಕರೂಢಿ. ಮಾಸ್ತರು ಮಾತ್ರ ತಾವಾಗಿ ಕರೆಯುತ್ತಾರೆ. ಅವರು ನನ್ನ ಹತ್ತಿರ ಏನೂ ಕೊಳ್ಳುವವರಲ್ಲ ಎಂಬುದು ಇಬ್ಬರಿಗೂ ಗೊತ್ತಿರುವುದರಿಂದ ಮಾತಿಗೆ ಅಡ್ಡಿಯಿಲ್ಲ.

"ತಮ್ಮಾ, ನಿಮ್ಮ ಪಾಲಿಸಿಯೊಳಗ ಮಾತಿಗೆ ರೊಕ್ಕ ಕೊಡ್ತಾರೇನು?" ಅಂದರು ಮೊನ್ನೆ.

"ಎಂಥಾ ಮಾತಿಗ್ರಿ ಸರ?"

"ಮನಸು ಕೆಟ್ಟಾಗ ಒಬ್ಬರ ಮುಂದ ಕುಂತು ಆಡ್ತಾರಲ್ಲ, ಅದಕ್ಕ. ಕೌನ್ಸೆಲಿಂಗ್."

ವಿಷಯ ಏನೆಂದರೆ, ಅವರ ತಂಗಿ ಮಗಳು ಸೈಕಾಲಜಿಯಲ್ಲಿ ಎಂ.ಎ. ಮಾಡಿ, ಮೇಲೊಂದು ಕೌನ್ಸೆಲಿಂಗ್ ಡಿಪ್ಲೊಮಾ ಮಾಡಿಕೊಂಡು, ಸುರಪುರದಲ್ಲಿ ಬೋರ್ಡು ಹಾಕಬೇಕೆಂದಿದ್ದಾಳೆ. ಅವಳ ಗೆಳತಿಯೊಬ್ಬಳು ಅಮೆರಿಕದಲ್ಲಿ ಇದೇ ಕೆಲಸದಲ್ಲಿದ್ದಾಳಂತೆ. ಅಲ್ಲಿ ಬಂದವರು ಕಾರ್ಡು ತೋರಿಸುತ್ತಾರೆ, ಫೀಸು ವಿಮಾ ಕಂಪನಿಯಿಂದ ಬರುತ್ತದಂತೆ. ಇಲ್ಲೂ ಹಾಗೇ ಇದ್ದರೆ ಬೋರ್ಡಿನ ಮೇಲೆ 'ಕ್ಯಾಶ್‌ಲೆಸ್' ಅಂತ ಬರೆಸೋಣ ಅಂತ ಹುಡುಗಿಯ ವಿಚಾರ.

ಅಲ್ಲಿಯ ಮಾತು ನಿಜ. ಆದರೆ ಅಲ್ಲೂ ಕೌನ್ಸೆಲರ್‌ಗಳಿಗೆ ಬಾಗಿಲು ಲಗೂನ ತೆರೆಯಲಿಲ್ಲ. ಮುದುಕರಿಗಾಗಿ ಅವರ ಸರಕಾರ ನಡೆಸುವ ಮೆಡಿಕೇರ್ ವಿಮೆ ಲೈಸೆನ್ಸ್ ಇದ್ದ ಕೌನ್ಸೆಲರ್‌ಗಳಿಗೆ ನೇರ ಹಣ ಕೊಡಲು ಶುರುಮಾಡಿದ್ದೇ 2024ರ ಜನವರಿ 1ರಿಂದ. ಅದೂ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಕೊಡುವುದರ ನೂರಕ್ಕೆ 75 ಮಾತ್ರ. ಮಾತಿನ ಲೆಕ್ಕ ಮಾತ್ರ ಭಾಳ ಚೊಕ್ಕ. 16ರಿಂದ 37 ನಿಮಿಷ ಕೂತರೆ ಒಂದು ಕೋಡು, 38ರಿಂದ 52ಕ್ಕೆ ಇನ್ನೊಂದು, 53 ದಾಟಿದರೆ ಮತ್ತೊಂದು. ಆ ಕೊನೆಯದಕ್ಕೆ 90837 ಅಂತ ನಂಬರು. 16 ನಿಮಿಷದ ಒಳಗೆ ಮಾತು ಮುಗಿದರೆ ಬಿಲ್ಲೇ ಇಲ್ಲ.

ಮಾಸ್ತರು ಪರಸಿಯ ಆ ತುದಿಗೆ ನೋಡಿದರು. ಅವರ ಮನೆಯವರು ಮೆಣಸಿನಕಾಯಿ ತಿರುವುತ್ತ ಹಿಂದಿನ ಮನೆಯ ಅಕ್ಕನ ಜೊತೆ ಮಾತಿಗೆ ನಿಂತಿದ್ದರು. "ಹಂಗಾದ್ರ ಇಕಿ ದಿನಾ ಎರಡು ಸಲ 90837 ಮಾಡ್ತಾಳ ನೋಡು" ಅಂದರು.

ನಮ್ಮಲ್ಲಿ ಏನದ ಅಂದರೆ ಕಾನೂನು ಅದ, ಒಳ್ಳೆಯ ಕಾನೂನೇ ಅದ. ನಾನು ಈ ಕೆಲಸಕ್ಕೆ ಬಿದ್ದಾಗಿನ ಪಾಲಿಸಿ ಪುಸ್ತಕಗಳಲ್ಲಿ, ಯಾವುದಕ್ಕೆ ಹಣ ಇಲ್ಲ ಎಂಬ ಸಣ್ಣಕ್ಷರದ ಪಟ್ಟಿಯಲ್ಲಿ ಯುದ್ಧ, ಅಣುವಿಕಿರಣ, ಕನ್ನಡಕ, ಹಲ್ಲು ಇವುಗಳ ನಡುವೆಯೇ ಮನೋರೋಗವೂ ಕೂತಿರುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಅಲ್ಲಿಂದ ಎಬ್ಬಿಸಿತು. ಅದರ 21ನೇ ಕಲಮಿನ ಪ್ರಕಾರ ಪ್ರತಿ ವಿಮಾ ಕಂಪನಿ ದೇಹದ ಕಾಯಿಲೆಗೆ ಯಾವ ರೀತಿ ವಿಮೆ ಕೊಡುತ್ತದೋ ಅದೇ ರೀತಿ ಮನಸ್ಸಿನ ಕಾಯಿಲೆಗೂ ಕೊಡಬೇಕು. ಕಾಯ್ದೆ 2018ರಲ್ಲಿ ಜಾರಿಗೆ ಬಂತು, ಅದೇ ವರ್ಷದ ಆಗಸ್ಟಿನಲ್ಲಿ ವಿಮಾ ನಿಯಂತ್ರಕರಾದ ಐಆರ್‌ಡಿಎಐ ಸುತ್ತೋಲೆ ಕಳಿಸಿತು. ಕಂಪನಿಗಳು ಸುತ್ತೋಲೆಯನ್ನು ಫೈಲಿಗೆ ಹಚ್ಚಿ ಸುಮ್ಮನಾದವು. 2021ರಲ್ಲಿ ದಿಲ್ಲಿ ಹೈಕೋರ್ಟು ಒಬ್ಬ ಪಾಲಿಸಿದಾರರ ಪರವಾಗಿ ತೀರ್ಪು ಕೊಟ್ಟಿತು. ಆಮೇಲೆ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳಲ್ಲೂ ಮನೋರೋಗ ಸೇರಲೇಬೇಕು ಅಂತ ನಿಯಂತ್ರಕರು ಗಡುವು ಹಾಕಿದರು.

"ಮತ್ತೇನು, ಆಯ್ತಲ್ಲ!" ಅಂದರು ಮಾಸ್ತರು.

ಆಗಲಿಲ್ಲ. ಮನಸ್ಸಿಗೆ ದೇಹದ ಸಮಾನ ಹಕ್ಕು ಸಿಕ್ಕಿತು, ಸರಿ. ಆದರೆ ದೇಹಕ್ಕೆ ಇರುವ ಹಕ್ಕಾದರೂ ಎಂಥದು? ಸಾಮಾನ್ಯ ಪಾಲಿಸಿಯಲ್ಲಿ 24 ತಾಸು ದವಾಖಾನೆಯ ಹಾಸಿಗೆಯ ಮೇಲೆ ಮಲಗಿದರೆ ಹಣ. ಹೊರಗಿನಿಂದಲೇ ತೋರಿಸಿಕೊಂಡು, ಗುಳಿಗೆ ಬರೆಸಿಕೊಂಡು ಬಂದರೆ ನಮ್ಮ ಜೇಬೇ ಗತಿ. ಕಾಲು ಮುರಿದವನು ಹೇಗೂ ಮಲಗುತ್ತಾನೆ, ಡೆಂಗಿ ಬಂದವನು ಮಲಗುತ್ತಾನೆ. ಮನಸ್ಸು ಮುರಿದವನು ಮಲಗುವುದೇ ಇಲ್ಲವಲ್ಲ! ನಿದ್ದಿ ಇಲ್ಲದ್ದೇ ಅವನ ತಕರಾರು. ಅವನು ಎದ್ದು ಹೊಲಕ್ಕೆ ಹೋಗುತ್ತಾನೆ, ಅಂಗಡಿ ತೆರೆಯುತ್ತಾನೆ, ನಾಲ್ಕು ಮಂದಿಯ ಜೊತೆ ಚಹಾ ಕುಡಿಯುತ್ತಾನೆ. ಅವನಿಗೆ ಬೇಕಾದ್ದು ಹಾಸಿಗೆಯಲ್ಲ, ಎದುರಿಗೊಂದು ಕುರ್ಚಿ. ಕುರ್ಚಿಯ ಬಾಡಿಗೆ ಪಾಲಿಸಿಯಲ್ಲಿ ಇಲ್ಲ. ನಮ್ಮ ಶಹಾಪುರದ ಗುಡ್ಡಗಳ ಸಾಲಿನಲ್ಲಿ ಕಾಣುವ ಮಲಗಿದ ಬುದ್ಧನಿಗೆ ಬೇಕಾದರೆ ಕ್ಲೇಮು ಪಾಸಾದೀತು, ಕೂತವನಿಗೆ ಇಲ್ಲ.

ಸರಕಾರದ ಕಾರ್ಡಿನ ಕಥೆಯೂ ಇಷ್ಟೇ. ಯಾದಗಿರಿ ಜಿಲ್ಲೆಯಾದ ಹೊಸತರಲ್ಲೇ, 2010ರಲ್ಲಿ, ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಶುರುಮಾಡಿದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ದೊಡ್ಡ ಖರ್ಚಿನವು ಅದರಲ್ಲಿದ್ದವು. ಈಗಿನ ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಮನೆತನಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಮನೋರೋಗದ ಚಿಕಿತ್ಸೆಗಳೂ ಪಟ್ಟಿಯಲ್ಲಿವೆ. ಇಲ್ಲೂ ಅಡ್ಮಿಟ್ ಆಗಬೇಕು.

ನನ್ನ ಹತ್ತಿರ ಬಂದಿದ್ದ ಒಂದು ಫೈಲಿನ ಕಥೆ ಹೇಳಿದೆ. ಹುಣಸಗಿ ಕಡೆಯ ಹತ್ತಿ ರೈತ. ನಡುರಾತ್ರಿ ಎದೆ ಹಿಡಿದುಕೊಂಡು, ಬೆವರಿ, ಉಸಿರು ಕಟ್ಟಿದವನನ್ನು ಗಾಡಿ ಮಾಡಿಕೊಂಡು ದೊಡ್ಡ ಊರಿನ ದವಾಖಾನೆಗೆ ಒಯ್ದರು. ಇಸಿಜಿ, ಎಕೋ, ರಕ್ತ ಎಲ್ಲ ಆಯಿತು. ಹೃದಯ ಗಟ್ಟಿ ಇತ್ತು, ಗಾಬರಿಯ ಕಾಯಿಲೆ ಅಂದರು. ಹೋಗುವಾಗ ಕೊಟ್ಟ ಬಿಲ್ಲಿನಲ್ಲಿ ಹಾಸಿಗೆ, ನರ್ಸಿಂಗ್, ತಪಾಸಣೆ, ಕೈಗವಸು, ಕೊನೆಯಲ್ಲಿ ಕೌನ್ಸೆಲಿಂಗ್ ಅಂತ ಒಂದು ಸಾಲು. ವಿಮಾ ಕಂಪನಿಯಿಂದ ವಾಪಸು ಬಂದ ಪ್ರತಿಯಲ್ಲಿ ಎರಡು ಸಾಲಿಗೆ ಕೆಂಪು ಗೀಟು ಬಿದ್ದಿತ್ತು. ಒಂದು ಕೈಗವಸು, ಇನ್ನೊಂದು ಕೌನ್ಸೆಲಿಂಗ್. ಆ ಮನುಷ್ಯನಿಗೆ ಏನಾದರೂ ಗುಣ ಬಂದದ್ದು ಆ ಕೊನೆಯ ಸಾಲಿನಿಂದಲೇ. ಇಸಿಜಿಯಿಂದ ಅವನಿಗೆ ಸಿಕ್ಕದ್ದು ಒಂದು ಕಾಗದ.

"ಅದಕ್ಕ ಯಾಕ ಗೀಟು ಎಳದ್ರು?"

ಮಾತಾಡಿದವರ ರಿಜಿಸ್ಟ್ರೇಷನ್ ನಂಬರು ಬಿಲ್ಲಿನಲ್ಲಿ ಇರಲಿಲ್ಲ, ಅದಕ್ಕೆ. ಇದೇ ಮಾಸ್ತರ ತಂಗಿ ಮಗಳಿಗೆ ನಾನು ಹೇಳಬೇಕಾದ ಕಹಿ ಮಾತು. 2017ರ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರು ಅಂತ ಕರೆಯುವುದು ಮನೋವೈದ್ಯರನ್ನು. ಅವರ ಜೊತೆಗೆ ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್, ಮಾನಸಿಕ ಆರೋಗ್ಯ ನರ್ಸ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಬರುತ್ತಾರೆ. ಆಯುರ್ವೇದದಲ್ಲಿ ಮಾನಸ ರೋಗವನ್ನೇ ವಿಷಯವಾಗಿ ಸ್ನಾತಕೋತ್ತರ ಓದಿದವರಿಗೂ ಜಾಗ ಇದೆ. ಬರೀ ಕೌನ್ಸೆಲರ್ ಎಂಬ ಪದ ಅಲ್ಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸು ಮುಗಿಸಿ, ಅದರ ನಂಬರು ಪಡೆಯಬೇಕು. ಎಂ.ಎ. ಸಾಲದು. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾತ್ರ ಕೌನ್ಸೆಲರ್‌ಗಳನ್ನೂ ಸೈಕಾಲಜಿಸ್ಟ್‌ಗಳನ್ನೂ ಹೆಸರು ಹಿಡಿದು ಒಳಗೆ ಕರೆದುಕೊಂಡಿದೆ. ಅಂಥದೊಂದು ನೋಂದಣಿ ನಂಬರು ಕೈಗೆ ಬಂದ ದಿನ ಹುಡುಗಿಯ ಬಿಲ್ಲಿಗೆ ತೂಕ ಬರುತ್ತದೆ. ಅಲ್ಲಿಯ ತನಕ ಅದು ರಸೀದಿ, ಅಷ್ಟೇ.

ಸುರಪುರಕ್ಕೆ ಕೌನ್ಸೆಲಿಂಗ್ ಹೊಸದೇನಲ್ಲ ಅಂತ ಮಾಸ್ತರು ತಮ್ಮ ಇತಿಹಾಸ ತೆಗೆದರು. ಎಳೆಯ ರಾಜ ವೆಂಕಟಪ್ಪ ನಾಯಕ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನನ್ನು ಅಪ್ಪಾ ಅಂತ ಕರೆಯುತ್ತಿದ್ದ, 1858ರಲ್ಲಿ ಸೆರೆ ಸಿಕ್ಕ ಮೇಲೂ ಮನಸ್ಸು ಬಿಚ್ಚಿದ್ದು ಅವನ ಮುಂದೆಯೇ ಅಂತ ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನಾನು "ಟೇಲರ್ ಸಾಹೇಬರಿಗೆ ಸಂಬಳ ಇತ್ರಿ ಸರ, ಬಿಲ್ಲಿನ ಗರಜ ಬೀಳಲಿಲ್ಲ" ಅಂದೆ.

ಇನ್ನು ರೋಗಿಯ ಕಡೆಯ ಗೊಂದಲ ಬೇರೆ. ನಮ್ಮ ಕಡೆ ಯಾರಾದರೂ ತುಸು ವಿಚಿತ್ರ ನಡೆದರೆ "ಧಾರವಾಡಕ್ಕ ಕಳಸಬೇಕು" ಅನ್ನುವುದು ಚ್ಯಾಷ್ಟಿ. ಅಲ್ಲಿ ಬ್ರಿಟಿಷರ ಕಾಲದ ಮಾನಸಿಕ ದವಾಖಾನೆ ಇದೆ, ಈಗ ಡಿಮ್ಹಾನ್ಸ್. ಹೀಗಿರುವಾಗ ಚೀಟಿಯ ಮೇಲೆ ಕಾಯಿಲೆಯ ಹೆಸರು ಬರೆಸಿಕೊಳ್ಳಲು ಯಾರು ತಯಾರು? ಡಾಕ್ಟರ್ ಪೆನ್ನು ತೆಗೆದ ಕೂಡಲೇ "ಸರ, ಹಂಗ ಬರೀಬ್ಯಾಡ್ರಿ, ಮನ್ಯಾಗ ಲಗ್ನದ ಹುಡುಗಿ ಅದಾಳ, ಅಶಕ್ತಿ ಅಂತ ಬರೀರಿ" ಅನ್ನುತ್ತಾರೆ. ಅಶಕ್ತಿ ಅಂತ ಬರೆದರೆ ಕ್ಲೇಮು ಆಗುವುದಿಲ್ಲ, ಅಶಕ್ತಿಗೆ ಯಾವ ಕಂಪನಿಯೂ ಹಾಸಿಗೆ ಕೊಡುವುದಿಲ್ಲ. ನಿಜ ಬರೆದರೆ ಕ್ಲೇಮು ಆದೀತು, ಆದರೆ ಮುಂದೆ ಹೊಸ ಪಾಲಿಸಿ ಮಾಡಿಸುವಾಗ ಅರ್ಜಿಯಲ್ಲಿ ಆ ಪ್ರಶ್ನೆ ಬರುತ್ತದೆ. ಮುಚ್ಚಿಟ್ಟರೆ ಮಾಹಿತಿ ಮುಚ್ಚಿಟ್ಟಿರಿ ಅಂತ ಕ್ಲೇಮು ತಿರಸ್ಕರಿಸುತ್ತಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ. ಬರೆಸಿ, ಹೇಳಿ. ಮೊದಲಿಂದ ಇದ್ದ ಕಾಯಿಲೆಗೆ ಕಾಯುವ ಗಡುವು ಈಗ ಹೆಚ್ಚೆಂದರೆ 3 ವರ್ಷ, 2024ಕ್ಕೆ ಮುಂಚೆ 4 ಇತ್ತು. ಗುಟ್ಟು ಕಾಯುವುದು ದವಾಖಾನೆಯ ಜವಾಬ್ದಾರಿ ಅಂತಲೂ 2017ರ ಕಾಯ್ದೆಯಲ್ಲಿದೆ. ಓಣಿಗೆ ಮಾತ್ರ ಆ ಕಾಯ್ದೆ ಅನ್ವಯವಾಗುವುದಿಲ್ಲ.

ದಾರಿ ಪೂರಾ ಮುಚ್ಚಿಲ್ಲ. ಅಡ್ಮಿಟ್ ಆಗಿ ಹೊರಬಂದ ಮೇಲೆ ಹೆಚ್ಚಿನ ಪಾಲಿಸಿಗಳಲ್ಲಿ 60 ದಿನದ ತನಕ ಅದೇ ಕಾಯಿಲೆಯ ಮುಂದಿನ ಖರ್ಚು ಸಿಗುತ್ತದೆ. ಡಾಕ್ಟರ್ ಚೀಟಿಯಲ್ಲಿ ಇಂಥವರ ಹತ್ತಿರ ಇಷ್ಟು ಸಲ ಹೋಗಬೇಕು ಅಂತ ಬರೆದು, ಹೋದವರಿಗೆ ನಂಬರು ಇದ್ದರೆ, ಮಾತಿನ ಬಿಲ್ಲು ಹಾಕಿ ನೋಡಬಹುದು. ಆಗದಿದ್ದರೆ ಕಂಪನಿಗೆ ಬರಹದಲ್ಲಿ ದೂರು. ಅವರೂ ಕಿವಿಗೊಡದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್, ಅಲ್ಲಿ ಫೀಸಿಲ್ಲ. ಒಪಿಡಿಗೂ ಕೊಡುವ ಪಾಲಿಸಿಗಳಿವೆ, ಕಂತು ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಕಂತಿನ ಮೇಲಿನ ನೂರಕ್ಕೆ 18ರ ಜಿಎಸ್‌ಟಿ ಹೋಗಿರುವುದು ಒಂದು ಸಮಾಧಾನ. ಇಲ್ಲಿ ನಾನು ಕೊಂಚ ಏಜೆಂಟನಂತೆ ಮಾತಾಡಿದೆನೋ ಏನೋ, ಮಾಸ್ತರು ತಟ್ಟನೆ ತೊಗರಿಯ ಧಾರಣಿ ಕೇಳಿದರು.

ಮತ್ತೆ ಹುಡುಗಿಯ ಮಾತಿಗೆ ತಂದೆ. ಬಡವನಿಗೆ ಈಗ ಮಾತು ಪುಕ್ಕಟೆ ಸಿಗುತ್ತದೆ. 14416ಕ್ಕೆ ಹೊಡೆದರೆ ಟೆಲಿ ಮನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಾತಾಡುವವರು ಸಂಬಳದ ಮೇಲೆ ಕೂತಿರುತ್ತಾರೆ, ಕೆಂಪು ಗೀಟಿನ ಭಯ ಅವರಿಗಿಲ್ಲ. ಈ ಜಿಲ್ಲಾ ಕಾರ್ಯಕ್ರಮದ ಮೂಲವೂ ನಮ್ಮ ಕಡೆಯದೇ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ನೋಡಿದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ಅತ್ತ ಎರಡು ಪಾಲಿಸಿ ಇರುವ ಬ್ಯಾಂಕಿನವನು, ಲೆಕ್ಚರರು ಜೇಬಿನಿಂದ ಕೊಡಬೇಕು. ಹುಡುಗಿಯ ಗಿರಾಕಿಗಳು ಅವರೇ. ಯಾರಾದರೂ ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಕೂಡಲಿ, ಅವರು ಬರೆದುಕೊಟ್ಟವರನ್ನು ನೋಡಲಿ, ಜೊತೆಗೆ ನಂಬರಿನ ಕೋರ್ಸಿಗೆ ಅರ್ಜಿ ಹಾಕಲಿ ಅಂದೆ.

ಅಷ್ಟರಲ್ಲಿ ಹುಡುಗಿಯದೇ ಫೋನು. ಮಾಸ್ತರು ಸ್ಪೀಕರಿಗೆ ಹಾಕಿದರು.

"ಮಾವಾ, ಕೇಳಿದ್ರೇನು? ಪೇಂಟರ್ ಬಂದು ನಿಂತಾನ, ಕ್ಯಾಶ್‌ಲೆಸ್ ಬರಸ್ಲ್ಯಾ?"

"ಬ್ಯಾಡವ್ವಾ. ಹೆಸರು ಬರಸು, ಓದಿದ್ದು ಬರಸು, ವ್ಯಾಳೆ ಬರಸು. ಮತ್ತ ಮಂಗಳವಾರ ರಜಾ ಅಂತ ಹಾಕಸು."

"ಮಂಗಳವಾರ ಯಾಕ್ರಿ?"

"ಮನೋಚೈತನ್ಯ ಅಂತ ಮಾಡ್ಯಾರಲ್ಲ, ಮಂಗಳವಾರ ತಾಲೂಕ ದವಾಖಾನಿಗೆ ಮನಸಿನ ಡಾಕ್ಟರ್ ಬರ್ತಾರ, ಪುಕ್ಕಟೆ. ಅವತ್ತ ನಿನ್ನ ಕಡೆ ಯಾರು ಬರ್ತಾರ? ನೀನೂ ಅಲ್ಲೇ ಹೋಗಿ ಅವರ ಬಾಜೂಕ ಕುಂತು ಕಲಿ."

ಆ ಕಡೆ ಪೇಂಟರ್ ಏನೋ ಕೇಳಿದ. ಅಕ್ಷರಕ್ಕೆ ಇಷ್ಟು ಅಂತ ಅವನ ರೇಟು ಇತ್ತು. ರಜಾದಿನದ ಸಾಲಿಗೆ ಬೇರೆ ರೊಕ್ಕ ಆಗ್ತದ ಅಂದ.