ಹದಿನಾರು ಅಡಿಯ ತಕರಾರು

30–40ರ ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸರಿಯಾಗಿ 50 ಅಡಿ. ಬಡಾವಣೆಯ ನಕ್ಷೆಗೆ ಪೈಥಾಗೊರಸನೇ ಸಹಿ ಹಾಕಿದನೇನೋ ಅನ್ನುವಷ್ಟು ಸರಿಯಾಗಿ. ಈ ಲೆಕ್ಕ ಯಾರಿಗೂ ತೊಂದರೆ ಕೊಟ್ಟಿಲ್ಲ, ಹ್ಯಾಮ್ ರೇಡಿಯೊದ ಹುಚ್ಚು ಹಿಡಿದವರನ್ನು ಬಿಟ್ಟು. ನಾವು ಹೆಚ್ಚಾಗಿ ಮಾತಾಡುವುದು 40 ಮೀಟರ್ ಬ್ಯಾಂಡಿನಲ್ಲಿ. ಅಲ್ಲಿ 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗಾಂತರದ ಡೈಪೋಲ್ ಕಟ್ಟಬೇಕೆಂದರೆ 66 ಅಡಿ ತಂತಿ ಬೇಕು. ಸೈಟು 50ಕ್ಕೇ ಮುಗಿದುಹೋಗುತ್ತದೆ. ಉಳಿದ 16 ಅಡಿ ಪಕ್ಕದ ಮನೆಯವರ ಆಕಾಶದಲ್ಲಿ.

ನಮ್ಮ ಬಸವಕಲ್ಯಾಣದಲ್ಲಿ ಆಕಾಶಕ್ಕೆ ಬರವಿಲ್ಲ. 108 ಅಡಿಯ ಬಸವಣ್ಣನವರ ಪ್ರತಿಮೆಗೆ ಜಾಗ ಕೊಟ್ಟ ಮೇಲೂ ಬೇಕಾದಷ್ಟು ಉಳಿದಿದೆ. ಬರ ಇರುವುದು ತಂತಿಯ ತುದಿ ಕಟ್ಟುವ ಗೂಟಕ್ಕೆ. ಪಕ್ಕದ ಮನೆಯವರನ್ನು ಕೇಳಿದರೆ, "ಇದರಿಂದ ನಮ್ಮನಿ ಮ್ಯಾಲ ಸಿಡ್ಲು ಬೀಳಂಗಿಲ್ಲಲ್ರಿ?" ಎಂದು ಅವರೇ ತಿರುಗಿ ಕೇಳುತ್ತಾರೆ. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ, ವಿಯು ಎಂದು ಶುರುವಾಗುವ ಕರೆಸಂಕೇತ ಪಡೆದವನೂ ಈ ಪ್ರಶ್ನೆಯ ಮುಂದೆ ತೊದಲುತ್ತಾನೆ.

ಹೀಗೆ ಕೊರತೆ ಬಿದ್ದ 16 ಅಡಿಯಲ್ಲಿ ಜಗತ್ತಿನ ತುಂಬ ಒಂದು ವ್ಯಾಪಾರವೇ ನಡೆದಿದೆ. ತಂತಿ ಬೇಡ, ಕಂಬ ಬೇಡ, ಮೊಳದುದ್ದದ ಕೊಳವೆ ಸಾಕು, ಬಾಲ್ಕನಿಯಿಂದಲೇ ಜಗತ್ತು ಗೆಲ್ಲಿ ಅನ್ನುವ ಆಂಟೆನಾಗಳು ಎರಡು ಮೂರು ವರ್ಷಕ್ಕೊಮ್ಮೆ ಹೊಸ ಹೆಸರು ಹೊತ್ತು ಹುಟ್ಟುತ್ತವೆ. ಹುಟ್ಟಿದ್ದೆಲ್ಲ ನಮ್ಮ ಹುಮನಾಬಾದಿನ ಮಾಸ್ತರರ ಮಾಳಿಗೆಯ ಮೇಲೆ ಬಂದು ನಿಲ್ಲುತ್ತದೆ.

ಮಾಸ್ತರರು ವಿಜ್ಞಾನ ಕಲಿಸುವವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಉತ್ಸಾಹದಲ್ಲಿ ಇನ್ನೂ ಚಿಕ್ಕವರು. ಈಚಿನ ಅವತಾರ ಪಿವಿಸಿ ಪೈಪಿಗೆ ತಾಮ್ರದ ತಗಡಿನ ಎರಡು ತೋಳು ತೊಡಿಸಿ, ನಡುವೆ ಕಾಯಿಲ್ ಸುತ್ತಿದ್ದು. ಅದನ್ನು ಏರಿಸಿದ ಮರುದಿನವೇ ಫೋನು ಬಂತು: "ಕಾಕಾ, ನಿನ್ನಿ ರಾತ್ರಿ ಇಟಲಿಯವ ಫೈವ್ ನೈನ್ ಕೊಟ್ಟಾನ್ರಿ! ನಿಮ್ಮ ಅರವತ್ತಾರು ಅಡಿ ಇನ್ನ ಬಿಚ್ಚಿ ಅರಿವಿ ಒಣಗಿಸಲಿಕ್ಕ ಕಟ್ರಿ."

ಫೈವ್ ನೈನ್ ಅಂದರೆ ಸ್ಪಷ್ಟವಾಗಿ, ಜೋರಾಗಿ ಕೇಳಿಸಿದ ದನಿಗೆ ಕೊಡುವ ಅಂಕ. ಇಟಲಿಯವನು ಕೇಳಿದ್ದು ಸುಳ್ಳಲ್ಲ. ತಕರಾರು ಇರುವುದು ಅದರ ಕೀರ್ತಿ ಯಾರಿಗೆ ಸಲ್ಲಬೇಕು ಅನ್ನುವುದರಲ್ಲಿ. ನೆಲದಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಮೇಲೆ ಅಯಾನುಗೋಳ ಅಂತ ಒಂದಿದೆ. ಅದು ಒಳ್ಳೆಯ ಮನಸ್ಸಿನಲ್ಲಿದ್ದ ರಾತ್ರಿ 5 ವ್ಯಾಟಿನ ಪುಟಾಣಿ ಸೆಟ್ಟಿನ ಪಿಸುಮಾತನ್ನೂ ಸಮುದ್ರ ದಾಟಿಸುತ್ತದೆ. ಆಂಟೆನಾದ ಜಾಗದಲ್ಲಿ ಮಿಣುಕುವ ಬಲ್ಬು ಸಿಕ್ಕಿಸಿ ದೂರದೂರಿನವರ ಜೊತೆ ಮಾತಾಡಿದ ಹವ್ಯಾಸಿಗಳೂ ಇದ್ದಾರೆ. ಆಕಾಶದ ಔದಾರ್ಯವನ್ನು ತಂತಿಯ ಪರಾಕ್ರಮದ ಖಾತೆಗೆ ಜಮಾ ಮಾಡಿಕೊಳ್ಳುವುದೇ ನಮ್ಮ ಹವ್ಯಾಸದ ಹಳೆಯ ರೋಗ. "ನನ್ನದು ಕೇಳಿಸಿತು" ಅಂದರೆ ಪುರಾವೆಯಾಗಲಿಲ್ಲ. ಅದೇ ನಿಮಿಷದಲ್ಲಿ, ಅದೇ ಊರಿನಿಂದ, ಅದೇ ಪವರಿನಲ್ಲಿ ಮಾಮೂಲು ತಂತಿಯದು ಎಷ್ಟು ಕೇಳಿಸಿತು? ಕೇಳಬೇಕಾದ್ದು ಇದೊಂದೇ ಪ್ರಶ್ನೆ. ಕೇಳಿದವನು ಮಾತ್ರ ಹೊಟ್ಟೆಕಿಚ್ಚಿನವನಾಗುತ್ತಾನೆ.

"ಎಸ್‌ಡಬ್ಲ್ಯುಆರ್ ಒಂದಕ್ಕೊಂದು ಅದ ನೋಡ್ರಿ" ಅನ್ನುವುದು ಮಾಸ್ತರರ ಎರಡನೆಯ ಬಾಣ. ಸೆಟ್ಟಿನಿಂದ ಹೋದ ಪವರು ಹಿಂದಿರುಗಿ ಬರುತ್ತಿಲ್ಲ ಎಂಬುದಕ್ಕೆ ಅದು ಗುರುತು. ಹೋದದ್ದು ಎಲ್ಲಿಗೆ ಹೋಯಿತು ಅನ್ನುವುದನ್ನು ಮೀಟರು ಹೇಳುವುದಿಲ್ಲ. ಪರೀಕ್ಷೆಗೆಂದು ನಾವೆಲ್ಲ ಇಟ್ಟುಕೊಳ್ಳುವ 50 ಓಮಿನ ಡಮ್ಮಿ ಲೋಡಿಗೂ ಎಸ್‌ಡಬ್ಲ್ಯುಆರ್ ಒಂದಕ್ಕೊಂದೇ. ಅದು ಕೊಟ್ಟದ್ದನ್ನೆಲ್ಲ ನುಂಗಿ ಬಿಸಿಯಾಗಿ ಕೂರುತ್ತದೆ.

ಇನ್ನು ಮುಖ್ಯ ಆರೋಪಿ ಕೋಆಕ್ಸ್ ಕೇಬಲ್. ಸೆಟ್ಟಿನಿಂದ ಮಾಳಿಗೆಯ ತನಕ ಅದು 40–50 ಅಡಿ ಏರುತ್ತದೆ. ತುದಿಯ ಆಂಟೆನಾ ಚಿಕ್ಕದಾಗಿ, ಸಮತೋಲವಿಲ್ಲದ್ದಾದಾಗ ಕೇಬಲಿನ ಹೊರಗಿನ ಜಾಲರಿಯ ಮೇಲೂ ವಿದ್ಯುತ್ ಹರಿದು, ಕೇಬಲೇ ತರಂಗ ಬೀಸತೊಡಗುತ್ತದೆ. ಪವಾಡದ ಆಂಟೆನಾಗಳ ಗುಟ್ಟು ಬಹುಪಾಲು ಇಷ್ಟೇ. ಕಲ್ಯಾಣದವನಾದ ನನಗೆ ಇದು ಸಹಿಸಲಾಗದ ಅನ್ಯಾಯ: ಕಾಯಕ ಕೇಬಲಿನದು, ಕೀರ್ತಿ ಕೊಳವೆಯದು.

ದೊಡ್ಡವರೂ ಈ ಆಸೆಗೆ ಬಿದ್ದಿದ್ದಾರೆ. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಮಾರಿಸ್ ಹೇಟ್ಲಿ ಮತ್ತು ಈಜಿಪ್ಟಿನ ಫಾತಿ ಕಬ್ಬಾರಿ ಕ್ರಾಸ್ಡ್ ಫೀಲ್ಡ್ ಆಂಟೆನಾ ಎಂಬುದನ್ನು ಮುಂದಿಟ್ಟರು. ವಿದ್ಯುತ್ ಕ್ಷೇತ್ರ, ಕಾಂತ ಕ್ಷೇತ್ರ ಎರಡನ್ನೂ ಬೇರೆಬೇರೆ ಹುಟ್ಟಿಸಿ ಆಂಟೆನಾದ ಬಳಿಯೇ ಕೂಡಿಸಿದರೆ ಉದ್ದದ ಹಂಗೇ ಬೇಡ ಎಂಬುದು ವಾದ. ನಮ್ಮ ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್‌ಗೆ ಕಾಲು ತರಂಗಾಂತರದ ಕಂಬವೆಂದರೆ 68 ಮೀಟರ್. ಅಂಥ ಕಡೆ ಕೆಲವೇ ಮೀಟರು ಸಾಕೆಂದರೆ ಯಾವ ಬಾನುಲಿಯವರ ಬಾಯಲ್ಲಿ ನೀರೂರುವುದಿಲ್ಲ? ಈಜಿಪ್ಟಿನಲ್ಲಿ ಅವನ್ನು ನಿಲ್ಲಿಸಿಯೂ ನಿಲ್ಲಿಸಿದರು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಅದನ್ನೇ ನಂಬಿ 279 ಕಿಲೋಹರ್ಟ್ಸ್‌ನ ಕೇಂದ್ರ ಕಟ್ಟುವ ಯೋಜನೆ ಹೊರಟಿತು. ಆ ಕೇಂದ್ರದ ದನಿ ಯಾರೂ ಕೇಳಲಿಲ್ಲ.

ಲೆಕ್ಕವನ್ನು 1947ರಲ್ಲಿ ವ್ಹೀಲರ್, 1948ರಲ್ಲಿ ಚು ಎಂಬ ಇಬ್ಬರು ಇಂಜಿನಿಯರುಗಳು ಅದಾಗಲೇ ಮಾಡಿಟ್ಟಿದ್ದರು. ಚಿಕ್ಕ ಗಾತ್ರ, ಅಗಲವಾದ ಬ್ಯಾಂಡು, ಒಳ್ಳೆಯ ದಕ್ಷತೆ, ಇವು ಮೂರೂ ಒಟ್ಟಿಗೆ ಸಿಗುವುದಿಲ್ಲ. ತೀರಾ ಚಿಕ್ಕ ಆಂಟೆನಾವನ್ನು ಇನ್ನೂ ಅರ್ಧಕ್ಕಿಳಿಸಿದರೆ ಬ್ಯಾಂಡಿನ ಅಗಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆ ಅಗಲ ಉಳಿಸಿಕೊಳ್ಳುತ್ತೇನೆ ಅಂದರೆ ಪವರನ್ನು ಶಾಖಕ್ಕೆ ಒಪ್ಪಿಸಬೇಕು.

ಚಿಕ್ಕದೆಲ್ಲ ಮೋಸವೆಂದು ಇದರರ್ಥವಲ್ಲ. ಒಂದು ಮೀಟರ್ ಅಡ್ಡಳತೆಯ ತಾಮ್ರದ ಬಳೆ, ಅಂದರೆ ಮ್ಯಾಗ್ನೆಟಿಕ್ ಲೂಪ್, ಪ್ರಾಮಾಣಿಕ ಬಡವ. 7 ಮೆಗಾಹರ್ಟ್ಸ್‌ನಲ್ಲಿ 100 ವ್ಯಾಟ್ ಕೊಟ್ಟರೆ ಸುಮಾರು 15 ವ್ಯಾಟನ್ನು ಆಕಾಶಕ್ಕೆ ಕಳಿಸಿ, ಉಳಿದದ್ದರಲ್ಲಿ ತಾನು ಬೆಚ್ಚಗಾಗುತ್ತದೆ. ಕೆಲವೇ ಕಿಲೋಹರ್ಟ್ಸ್ ಸರಿದರೆ ಮತ್ತೆ ಟ್ಯೂನ್ ಮಾಡಬೇಕು. ಅದರ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಕೂತಿರುತ್ತದೆ, ಮುಟ್ಟುವಂತಿಲ್ಲ. ಆದರೆ ತಿರುಗಿಸಿದರೆ ಪಕ್ಕದ ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗುಂಯ್‌ಗುಡುವಿಕೆ ಬಾಯಿ ಮುಚ್ಚುತ್ತದೆ. ಮತ್ತೆ 85 ವ್ಯಾಟ್ ಹೋದರೂ ಆ ಕಡೆಯವನ ಮೀಟರಿನಲ್ಲಿ ಮುಳ್ಳು ಇಳಿಯುವುದು ಒಂದೂವರೆ ಮನೆಗಿಂತ ಕಡಿಮೆ. ನಷ್ಟ ದೊಡ್ಡದು, ಕಾಣುವುದು ಚಿಕ್ಕದು. ನಂಬಿಕೆ ಬೆಳೆಯುವುದಕ್ಕೆ ಇದಕ್ಕಿಂತ ಹದವಾದ ನೆಲ ಬೇಕೆ?

ವಿಚಿತ್ರವಾದದ್ದೆಲ್ಲ ಸುಳ್ಳೂ ಅಲ್ಲ. 1975ರ ಆಗಸ್ಟಿನಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಪಾಠ ಕಳಿಸುವ 'ಸೈಟ್' ಪ್ರಯೋಗ ಶುರುವಾಯಿತು. ದೇಶದ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ನೆರೆಯ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬಾಹ್ಯಾಕಾಶದಿಂದ ಬಂದ ಚಿತ್ರವನ್ನು ಹಿಡಿದದ್ದು ಕೋಳಿ ಗೂಡಿಗೆ ಹಾಕುವ ಜಾಳಿಗೆಯಲ್ಲಿ ಮಾಡಿದ 10 ಅಡಿಯ ಡಿಶ್ಶು. ನೋಡಿದವರು ನಕ್ಕಿರಬಹುದು, ಲೆಕ್ಕ ನಗಲಿಲ್ಲ. ಜಾಳಿಗೆಯ ಕಣ್ಣು ತರಂಗಾಂತರಕ್ಕಿಂತ ಎಷ್ಟೋ ಸಣ್ಣದಾದ್ದರಿಂದ ತರಂಗಕ್ಕೆ ಅದು ಗೋಡೆಯೇ.

ನನ್ನ 66 ಅಡಿಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಎರಡೂ ತುದಿಯಲ್ಲಿ ಎಂಟೆಂಟು ಅಡಿಯನ್ನು ಕೆಳಕ್ಕೆ ಇಳಿಬಿಟ್ಟಿದ್ದೇನೆ, 16 ಅಡಿಯ ತಕರಾರು ಬಗೆಹರಿದಿದೆ. ತುದಿಗಳಲ್ಲಿ ವಿದ್ಯುತ್ ಪ್ರವಾಹ ಕಡಿಮೆ, ಹಾಗಾಗಿ ಬಾಗಿಸಿದರೆ ಹೆಚ್ಚು ನಷ್ಟವಿಲ್ಲ. ವೋಲ್ಟೇಜ್ ಮಾತ್ರ ಅಲ್ಲೇ ಜಾಸ್ತಿ, ಆದ್ದರಿಂದ ಅರಿವೆ ಒಣಗಿಸಲು ಕೊಡಲಾರೆ. ಇಷ್ಟು ತಗ್ಗಿನಲ್ಲಿ ಕಟ್ಟಿದ ತಂತಿ ತರಂಗವನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತದೆ, ಹಗಲಿನಲ್ಲಿ ಅದು ಸುತ್ತಲಿನ ನೂರಾರು ಕಿಲೋಮೀಟರಿನ ಮೇಲೆ ಮರಳಿ ಸುರಿಯುತ್ತದೆ. ಅಮೆರಿಕ ಕಷ್ಟ, ಲಾತೂರು ಸಲೀಸು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಕಿಲ್ಲಾರಿ ನೆಲಸಮವಾದದ್ದು ನಮ್ಮೂರಿಂದ 50 ಕಿಲೋಮೀಟರಿನೊಳಗೆ. ಅಂಥ ದಿನ ಬೇಕಾಗುವುದು ಇಟಲಿಯ ಫೈವ್ ನೈನ್ ಅಲ್ಲ, ಪಕ್ಕದ ಜಿಲ್ಲೆಯ ಸ್ಪಷ್ಟ ದನಿ.

ಕಡೆಗೆ ಮಾಸ್ತರರಿಗೆ ಪಂಥ ಕಟ್ಟಿದೆ. ಕೊಳವೆಯನ್ನು ನನ್ನ ಮಾಳಿಗೆಗೆ ತರಬೇಕು. ತಂತಿಯ ಪಕ್ಕದಲ್ಲೇ ನಿಲ್ಲಿಸಿ, ಒಂದು ಸ್ವಿಚ್ಚಿನಿಂದ ಅದು, ಇದು ಎಂದು ಬದಲಾಯಿಸುತ್ತ ಒಂದೇ ಊರಿನವರಿಂದ ವರದಿ ಕೇಳಬೇಕು. ಕೇಬಲ್ ಕದ್ದು ದುಡಿಯದಂತೆ ಎರಡಕ್ಕೂ ಫೆರೈಟ್ ಉಂಗುರಕ್ಕೆ ಸುತ್ತಿದ ಚೋಕ್ ಹಾಕಬೇಕು. ಸೋತವರದ್ದು ಮಿರ್ಚಿ ಭಜಿ.

ಮಾಸ್ತರರು ಸ್ವಲ್ಪ ಹೊತ್ತು ಯೋಚಿಸಿದರು.

"ಎಲ್ಲಾ ಕಬೂಲ್ ಅದ ಕಾಕಾ. ಭಜಿನೂ ನಾನೇ ಕೊಡಸ್ತೀನಿ. ಆ ಚೋಕ್ ಒಂದು ಬ್ಯಾಡ್ರಿ."